ಮಾವನವರು ಬೆಂಗಳೂರಿನಲ್ಲಿ ಮನೆ ನೋಡಿದ್ದು

ನಮ್ಮ ಮಾವನವರ ಜೊತೆ ಎಲ್ಲಿಗೆ ಹೋದರೂ ಮನೆಗೆ ಬಂದು ಹೇಳುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಎಂಬತ್ತರ ದಶಕದ ಮಾತು. ಅಣ್ಣಿಗೇರಿಯಲ್ಲಿ ಮಾಸ್ತರನಾಗಿದ್ದ ನನ್ನನ್ನು ಎರಡು ವರ್ಷದ ಮಟ್ಟಿಗೆ ಬೆಂಗಳೂರಿಗೆ ಹಾಕಿದರು. ಮದುವೆಯಾಗಿ ಆರೇ ತಿಂಗಳಾಗಿತ್ತು. ಮೊರಬದಲ್ಲಿ ಕಪ್ಪು ಮಣ್ಣಿನ ಎರಿ ಹೊಲ ಮಾಡಿಕೊಂಡಿದ್ದ ಮಾವ, "ಮೊದಲ ನಾ ಮನಿ ನೋಡ್ತೇನಿ. ಮನಸಿಗೆ ಬಂದ್ರ ಮಗಳನ್ನ ಕಳಸ್ತೇನಿ, ಇಲ್ಲಂದ್ರ ನೀವೊಬ್ರ ಇರ್ರಿ" ಅಂದರು. ಎಮ್ಮೆ ಕೊಳ್ಳುವಾಗಲೂ ನಾಲ್ಕು ಊರು ತಿರುಗುವ ಮನುಷ್ಯ. ನಾನು ಅಂಜುತ್ತಲೇ ಅವರ ಜೊತೆ ರೈಲು ಹತ್ತಿದೆ.

ಮಲ್ಲೇಶ್ವರದ ನೀರು

ಮೊದಲು ಮಲ್ಲೇಶ್ವರ. ಓಣಿಯ ಎರಡೂ ಬಾಜು ಮರ, ಅಂಗಳದಲ್ಲಿ ಸಂಪಿಗೆ. ಮನೆಯೊಡತಿ ಎಲ್ಲ ತೋರಿಸಿ, ನೀರಿಗೆ ಮಾತ್ರ ಸ್ವಲ್ಪ ತೊಂದರೆ, ದಿನಕ್ಕೆ ಎರಡೇ ಗಂಟೆ ಬರುತ್ತೆ ಎಂದು ಸಂಕೋಚದಿಂದ ಹೇಳಿದರು. ಮೊರಬದಲ್ಲಿ ಬಾವಿ ನೀರು ಸವಳು. ಕುಡಿಯುವ ನೀರು ಕೆರೆಯಿಂದ ಹೆಣ್ಣುಮಕ್ಕಳ ತಲೆಯ ಮೇಲೆ ಬರಬೇಕು. ಮಾವ ನಳ ತಿರುವಿ, ಬೀಳುವ ನೀರನ್ನು ದೇವರ ಮುಂದೆ ನಿಂತವರ ಹಾಗೆ ನೋಡಿದರು.

"ಎರಡು ತಾಸು ಹರದ್ರ ನಮ್ಮ ಕಡೆ ಅದಕ್ಕ ಹಳ್ಳ ಅಂತಾರ್ರಿ" ಅಂದರು.

ಜಯನಗರದ ಕಾಫಿ

ಒಂದೇ ಮನೆ ನೋಡಿ ಒಪ್ಪುವವರಲ್ಲವಲ್ಲ, ಜಯನಗರಕ್ಕೂ ಹೋದೆವು. ಅಲ್ಲಿನ ರಸ್ತೆ ನೋಡಿ ಮಾವ, ನಾಲ್ಕು ಚಕ್ಕಡಿ ಸಾಲಾಗಿ ಹೊಡೀಬಹುದು ಎಂದು ನಿಂತೇಬಿಟ್ಟರು. ಆದರೆ ಮನೆಗಳೆಲ್ಲ ಒಂದೇ ಥರ. ನಾನು ಅಂಗಡಿಯಲ್ಲಿ ವಿಳಾಸ ಕೇಳಿ ಬರುವಷ್ಟರಲ್ಲಿ ಮಾವ ಮಾಯ. ಆರು ಗೇಟು ಇಣುಕಿದ ಮೇಲೆ ಒಂದು ಬಾಗಿಲ ಮುಂದೆ ಅವರ ಕೆರವು ಕಂಡವು. ಒಳಗೆ ಮಾವ ಕಾಫಿ ಕುಡಿಯುತ್ತಾ, ಜೋಳದ ಚೀಲ ಎಲ್ಲಿ ಇಡಬಹುದೆಂದು ವಿಚಾರಿಸುತ್ತಿದ್ದರು. ಬಾಡಿಗೆಗೆ ಇರುವ ಮನೆ ಇದೇನಾ ಎಂದು ನಾನು ಕೇಳಿದೆ. ಆ ಮನೆಯಾಕೆ ಗಾಬರಿಯಾದರು.

"ಬಾಡಿಗೆಗಾ? ಇವರು ನಮ್ಮ ಯಜಮಾನರ ದೊಡ್ಡಪ್ಪ ಅಲ್ವಾ?"

ಆಕೆಯ ಗಂಡ ಹುಬ್ಬಳ್ಳಿ ಕಡೆಯವರು. ಮಾವನ ರುಮಾಲು, ಧೋತರ ಕಂಡು ಆಕೆಯೇ ಕರೆದು ಕೂರಿಸಿದ್ದರು. ಮಾವ ಉಳಿದ ಕಾಫಿಯನ್ನು ನಿಧಾನವಾಗಿ ಮುಗಿಸಿ ಎದ್ದರು.

"ಅಲ್ಲ ಅನ್ನಬ್ಯಾಡವಾ. ಹುಡುಕಿದ್ರ ಏನರ ಸಂಬಂಧ ಹತ್ತೇ ಹತ್ತತೈತಿ."

ರಾಜಾಜಿನಗರದ ಮಾಳಿಗೆ

ನಾವು ಹುಡುಕಿದ ಮನೆ ಅಲ್ಲಿ ಸಿಗಲೇ ಇಲ್ಲ. ಕೊನೆಗೆ ರಾಜಾಜಿನಗರ. ಮನೆ ಮೂರನೇ ಅಂತಸ್ತಿನಲ್ಲಿತ್ತು. ಮಾಲೀಕರು ಇಬ್ಬರನ್ನೂ ತಾರಸಿಗೆ ಕರೆದೊಯ್ದರು. ಸಂಜೆಯ ಬಿಸಿಲಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮನೆ, ಮನೆಯ ಹಿಂದೆ ಮನೆ. ಮಾವ ಉತ್ತರಕ್ಕೆ ನೋಡಿದರು, ದಕ್ಷಿಣಕ್ಕೆ ನೋಡಿದರು. ಎಲ್ಲೂ ಒಂದು ಹೊಲ ಕಾಣಲಿಲ್ಲ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮನೆ ಕೈತಪ್ಪಿತು, ಹೆಂಡತಿ ಬರುವುದಿಲ್ಲ ಎಂದು ನಾನು ಆಸೆ ಬಿಟ್ಟೆ.

ಕಡೆಗೆ ಮಾವ ಮಾಲೀಕರನ್ನು ಮೆಲ್ಲಗೆ ಕೇಳಿದರು: "ಇಷ್ಟೂ ಮಂದಿಗೆ ಉಣ್ಣಾಕ ಯಾರು ಬೆಳಿತಾರ್ರಿ?"

ಅವರು ತಡವರಿಸಿ, "ನಿಮ್ಮಂಥೋರೇ ಯಜಮಾನ್ರೇ" ಅಂದರು.

ಮಾವ ಇನ್ನೊಮ್ಮೆ ಸುತ್ತಲೂ ನೋಡಿ, ದೊಡ್ಡದೊಂದು ಉಸಿರು ಬಿಟ್ಟರು.

"ಮನಿ ಚೊಲೋ ಐತಿ, ಮಗಳನ್ನ ಕಳಸ್ತೇನಿ. ಇವರಿಬ್ಬರಿಗೆ ವರ್ಷದ ಜೋಳಾನೂ ಕಳಸ್ತೇನಿ. ಉಳದವರದು ಮಾತ್ರ ನನ್ನ ಕಡೆ ಆಗಂಗಿಲ್ಲ ನೋಡ್ರಿ, ನನಗಿರೂದು ಎಂಟ ಎಕರೆ."