ಭಾವನವರ ಗಡಿಗೆ ಮೀನು

ನಮ್ಮ ಭಾವನವರು ಜನ್ಮದಲ್ಲಿ ಒಂದು ಮೀನನ್ನೂ ಬಾಯಿಗಿಟ್ಟವರಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಾತ್ರ ಗಾಳ! ಭಾಲ್ಕಿಯ ಆ ಮನೆಗೆ ನಾನು ಕಿರಿಸೊಸೆಯಾಗಿ ಬಂದ ದಿನವೇ ಕೊಟ್ಟಿಗೆಯ ವಾಸನೆಗೆ ತಲೆ ತಿರುಗಿತು. ಇಲಿ ಸತ್ತಿದೆಯೋ ಹೆಗ್ಗಣ ಸತ್ತಿದೆಯೋ ಎಂದು ಹುಡುಕಿದೆ.

"ಹೆದರಬ್ಯಾಡವಾ, ನಿಮ್ಮ ಭಾವನೋರು ಮೀನಾ ಉಪ್ಪಿಗಿ ಹಾಕ್ಯಾರ" ಎಂದರು ಅಕ್ಕ, ಅಂದರೆ ಭಾವನವರ ಹೆಂಡತಿ, ನನ್ನ ನೆಗೆಣ್ಣಿ.

ಹಿಡಿಯುವವರು ಇವರು, ತಿನ್ನುವವನು ಎದುರುಮನೆಯ ದರ್ಜಿ. ಅವನಿಗೆ ಗಾಳ ಹಿಡಿಯಲು ಬಾರದು, ಇವರಿಗೆ ತಿನ್ನಲು ಬಾರದು. ಇಂಥ ಜೋಡಿಯನ್ನು ಶಿವ ಕೂಡಿಸಿದನೋ ಅಲ್ಲಾ ಕೂಡಿಸಿದನೋ! ಇಬ್ಬರಿಗೂ ಒಂದೇ ಹುಚ್ಚು. ಔರಾದ್ ಕಡೆ, ಮಾಂಜ್ರಾ ನದಿಯ ಒಂದು ಮಡು. ಬಂಡಿಯಲ್ಲಿ ಎರಡು ದಿನದ ದಾರಿ. ಅಲ್ಲಿ ಆಳುದ್ದದ ಬಾಳೆ ಮೀನು ಇದೆಯಂತೆ. ಕಂಡವರು ಯಾರು? ದರ್ಜಿಯ ಸತ್ತ ಮಾವ! ಆ ಮೀನು ಮಡುವಿನ ಸಣ್ಣ ಮೀನನ್ನೆಲ್ಲ ನುಂಗಿಹಾಕಿದೆಯಂತೆ. ಆದ್ದರಿಂದ ಗಾಳಕ್ಕೆ ಚುಚ್ಚುವ ಮೀನನ್ನು ಇಲ್ಲಿಂದಲೇ ಒಯ್ಯಬೇಕು. ಸರಿ, ಕೆರೆಯಿಂದ ಬೆರಳುದ್ದದ ಮೀನು ತಂದರು. ಗಡಿಗೆಯಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು, ಮೇಲೊಂದು ಕಲ್ಲು. ವಾರಕ್ಕೊಮ್ಮೆ ನೀರು ಬಸಿದು ಹೊಸ ಉಪ್ಪು. ಮೈ ಗಟ್ಟಿಯಾಗದಿದ್ದರೆ ಗಾಳದಿಂದ ಕಳಚಿಬಿಡುತ್ತದಂತೆ.

ಹೊರಡುವ ದಿನ ಮಾತ್ರ ಬರಲಿಲ್ಲ. ಅದು ನಿಜಾಮರ ರಾಜ್ಯದ ಕೊನೆಯ ವರ್ಷ. ದಾರಿಯ ತುಂಬ ನಿಜಾಮರ ಕಡೆಯ ಬಂದೂಕಿನವರ ಕಾಟ. ಗಡಿಯಾಚೆಯ ಸಾಮಾನು ನಿಂತು ಪೇಟೆಯಲ್ಲಿ ಉಪ್ಪೇ ಮಾಯ!

"ಮಂದಿ ಸಪ್ಪನ ಸಾರು ಉಣ್ಣಲತ್ತಾರ, ನೀವು ಸತ್ತ ಮೀನಿಗಿ ಉಪ್ಪು ತಿನಿಸ್ತೀರೇನ್ರಿ?" ಅಕ್ಕ ಸಿಡುಕಿದರು.

"ಮಂದಿ ಸಪ್ಪಗ ಉಂಡ್ರ ಕೆಡಂಗಿಲ್ಲ. ಮೀನು ಕೆಡ್ತಾವ!"

ಅಕ್ಕ ಹಣೆ ಚಚ್ಚಿಕೊಂಡರು.

ಒಂದು ಮಧ್ಯಾಹ್ನ ಆ ಬಂದೂಕಿನವರೇ ಮನೆಗೆ ನುಗ್ಗಿದರು. ಅಡಗಿಸಿದ ಆಯುಧ ಹುಡುಕಬೇಕಂತೆ. ಜೋಳದ ಚೀಲ ಇರಿದರು, ಕೊಟ್ಟಿಗೆಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದರು. ಅಷ್ಟೇ! ಮೂಗು ಹಿಡಿದುಕೊಂಡು ಬೀದಿಗೆ ಓಡಿದರು. ಭಾವನವರು ಸುಮ್ಮನಿರಬಾರದೇ?

"ಸಾಹೇಬ್ರ, ಮುಚ್ಚಳಾ ಮುಚ್ಚಿ ಹೋಗ್ರಿ, ಹುಳಾ ಬೀಳ್ತಾವ!" ಎಂದು ಬೆನ್ನ ಹಿಂದೆಯೇ ಕೂಗಿದರು. ನಾವು ಹೆಂಗಸರು ಜೀವ ಕೈಯಲ್ಲಿ ಹಿಡಿದು ನಿಂತಿದ್ದರೆ ಈ ಮನುಷ್ಯನ ಜೀವ ಗಡಿಗೆಯಲ್ಲಿತ್ತು.

ಆಮೇಲೆ ದಿಲ್ಲಿಯ ಫೌಜು ಬಂತು. ಪೊಲೀಸ್ ಆ್ಯಕ್ಷನ್ ಎಂದರು. ನಮ್ಮ ಮನೆಯ ಭಯ ನಮ್ಮನ್ನು ಬಿಟ್ಟು ಎದುರುಮನೆ ಹೊಕ್ಕಿತು. ಆ ಬಂದೂಕಿನವರು ಮಾಡಿದ್ದಕ್ಕೆ ಏನೂ ಮಾಡದ ಮುಸಲ್ಮಾನರು ತಲೆ ಕೊಡುವ ದಿನಗಳು. ದರ್ಜಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದರಿಗೆ ಹೊರಟ. ಭಾವನವರು ಅವನ ಅಂಗಿ ಹಿಡಿದು ಎಳೆದರು.

"ನಮ್ಮ ಮನ್ಯಾಗ ಇರೋ!"

"ನಿಮ್ಮ ಮನಿನೂ ಸುಡ್ತಾರ ಭಾಯಿ. ಎಂಟ್ ದಿನದಾಗ ಬರ್ತೇನಿ. ಮೀನಾ ತಯಾರ್ ಇಡ್ರಿ."

ಎಂಟು ದಿನ ಹೋಯಿತು, ತಿಂಗಳು ಹೋಯಿತು. ಭಾವನವರು ಬೀದರಿಗೆ ಮೂರು ಸಲ ಹೋಗಿ ಓಣಿ ಓಣಿ ಕೇಳಿದರು. ಅವನು ಅಲ್ಲಿಗೆ ತಲುಪಿದ್ದನ್ನು ಕಂಡವರೇ ಇಲ್ಲ. ಮೂರನೆಯ ಸಲ ಮರಳಿದವರು ಕೊಟ್ಟಿಗೆಯ ಕಡೆ ಹೋಗಲೇ ಇಲ್ಲ. ಉಪ್ಪು ಹಾಕುವ ದಿನ ಬಂತು, ದಾಟಿತು. ಆ ವಾಸನೆಯನ್ನು ದಿನಾ ಶಪಿಸುತ್ತಿದ್ದ ನಾನೇ ಹೋಗಿ ಗಡಿಗೆಯ ಮುಚ್ಚಳ ಸರಿಮಾಡಿ ಬಂದೆ.

ಮರುದಿನ ಬೆಳಿಗ್ಗೆ ಸಗಣಿ ಬಾಚಲು ಹೋದೆ. ಅಕ್ಕ ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು! ಸೆರಗು ಮೂಗಿಗೆ ಬಿಗಿದುಕೊಂಡು, ಲಿಂಗವನ್ನು ಕುಪ್ಪಸದೊಳಗೆ ಸೇರಿಸಿಕೊಂಡು, ಮೊಣಕೈತನಕ ಮೀನಿನ ನೀರಲ್ಲಿ ಕೈಯಾಡಿಸಿ ಉಪ್ಪು ಹಾಕುತ್ತಿದ್ದರು. ಬಾಗಿಲಲ್ಲಿ ಭಾವನವರು ನಿಂತಿದ್ದರು.

"ಅಂವ ಬರಂಗಿಲ್ಲ. ಬಿಡು" ಎಂದರು.

ಅಕ್ಕ ತಲೆ ಎತ್ತಲಿಲ್ಲ.

"ಬಂದ್ರ ಏನ್ ಹೇಳ್ತೀರಿ? ಕೆಟ್ಟು ಹೋದ್ವು ಅಂತೀರೇನು? ಆ ಕಲ್ಲ ಇತ್ಲಾಗ ಕೊಡ್ರಿ."

ಭಾವನವರು ಅಳುತ್ತ ಕಲ್ಲು ಎತ್ತಿಕೊಟ್ಟರು.