ಮಾವನ ಮಿಷಿನ್ನಿನ ಸದ್ದು

ನಮ್ಮ ಸೋದರಮಾವ ಗುಂಡ್ಲುಪೇಟೆಯ ಬೀದಿಗಿಳಿದರೆ ಎದುರಿಗೆ ಬಂದವರಲ್ಲಿ ಅರ್ಧ ಜನ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಉಳಿದ ಅರ್ಧ ಜನ ಧೈರ್ಯವಾಗಿ ಬಾಯ್ತುಂಬ ನಗುತ್ತಾರೆ. ಅವರ ಬಾಯಲ್ಲಿ ಹೆದರುವುದಕ್ಕೆ ಹಲ್ಲೇ ಉಳಿದಿಲ್ಲ!

ಮಾವ ದಂತವೈದ್ಯ. ಅವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ. ನನ್ನ ತಮ್ಮನಿಗೆ ಹೆಣ್ಣು ನೋಡಲು ಭೀಮನಬೀಡಿಗೆ ಹೋದಾಗ ಎಲ್ಲರೂ ಹುಡುಗಿಯ ಓದು, ಗುಣ ವಿಚಾರಿಸಿದರೆ, ಮಾವ ಕಾಫಿ ಲೋಟ ಕೆಳಗಿಟ್ಟು, "ಎಲ್ಲಾ ಸರಿ ಅದೆ. ಕೆಳಗಿನ ಎಡಗಡೆ ದವಡೆ ಒಂದು ತೋರ್ಸಬೇಕು" ಎಂದುಬಿಟ್ಟರು. ಹುಡುಗಿ ಮದುವೆಗೆ ಒಪ್ಪಿದಳು. ಆದರೆ ಇವತ್ತಿಗೂ ಮಾವ ಮನೆಗೆ ಬಂದರೆ ನನ್ನ ನಾದಿನಿ ಅಡುಗೆಮನೆಯಿಂದಲೇ ಮಾತಾಡಿಸುತ್ತಾಳೆ.

ಹಳೇ ಕಾಲದ ಓದು ಅವರದು. ಹುಳುಕು ಸಾಸಿವೆಯಷ್ಟಿದ್ದರೂ ಸುತ್ತಲಿನ ಗಟ್ಟಿ ಹಲ್ಲನ್ನೂ ಸೇರಿಸಿ ಕಡಲೆಯಷ್ಟು ಕೊರೆದು ಬೆಳ್ಳಿ ತುಂಬಬೇಕು, ಆಗಲೇ ನಿಲ್ಲುವುದು ಎಂದು ಕಲಿತವರು. ನನಗೆ ಒಂಬತ್ತು ವರ್ಷವಾಗಿದ್ದಾಗ ಬಲ ದವಡೆಯಲ್ಲೊಂದು ಕಪ್ಪು ಚುಕ್ಕೆ ಕಂಡು ಮಿಷಿನ್ ಹಾಕಿ ಹಾಗೆಯೇ ಕೊರೆದರು. ಕಾಲೇಜಿಗೆ ಬರುವಷ್ಟರಲ್ಲಿ ಬೆಳ್ಳಿ ಬಿತ್ತು. ಇನ್ನಷ್ಟು ಕೊರೆದು ಇನ್ನಷ್ಟು ತುಂಬಿದರು. ಮದುವೆಯಾದ ವರ್ಷ ಹುರಿದ ಅವರೆಕಾಳು ಕಡಿದೆ, ಹಲ್ಲು ಎರಡು ಹೋಳಾಯಿತು. ಅದನ್ನು ಕಿತ್ತವರೂ ಮಾವನೇ. ಈ ಕಥೆಯನ್ನು ಮದುವೆಮನೆಗಳಲ್ಲಿ ಅವರ ಎದುರಿಗೇ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ! ಮಾವನೂ ನಗುತ್ತಿದ್ದರು. ಆಮೇಲೆ ನಾನು ಹಲ್ಲು ನೋವು ಬಂದಾಗಲೆಲ್ಲ ಕದ್ದು ಮೈಸೂರಿಗೆ ಹೋಗುತ್ತಿದ್ದೆ. ಅವರ ಮುಂದೆ ನಾನೂ ಬಾಯಿ ಮುಚ್ಚಿಕೊಳ್ಳುವವರ ಪಂಗಡಕ್ಕೆ ಸೇರಿದೆ.

ಮಾವನ ಮಗಳು ಚಾಮರಾಜನಗರದಲ್ಲಿ ಹಲ್ಲಿನ ಡಾಕ್ಟರು. ಅವಳೊಂದು ದಿನ, ನನಗೆ ಮಗಳು ಹುಟ್ಟಿದ ವರ್ಷ, ಹೇಳಿದಳು, "ಅಪ್ಪಾ, ಈಗ ಅಷ್ಟೊಂದು ಕೊರೆಯೋ ಹಾಗಿಲ್ಲ. ಮೆತ್ತಗಾಗಿರೋ ಹುಳುಕನ್ನ ಮಾತ್ರ ಕೈಯಲ್ಲಿ ಕೆರೆದು ತೆಗೆದು, ಸಿಮೆಂಟ್ ತುಂಬಿದ್ರೆ ಆಯ್ತು. ಗಟ್ಟಿ ಹಲ್ಲು ಮುಟ್ಟಬಾರದು."

"ಅದ್ಕೆ ಸೋಮಾರಿತನ ಅಂತಾರೆ ಕಣಮ್ಮಿ" ಎಂದರು ಮಾವ. ಒಂದು ತಿಂಗಳು ಅಪ್ಪ ಮಗಳಿಗೆ ಮಾತಿಲ್ಲ. ಆಮೇಲೆ ಅದೇನಾಯಿತೋ, ಯಾರಿಗೂ ಹೇಳದೆ ಮೈಸೂರಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ, ಮಗಳ ವಯಸ್ಸಿನವರ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ಕಲಿತು ಬಂದರು!

ಡಾಕ್ಟರು ಬದಲಾದರೆ ಸಾಕೇ? ಊರು ಬದಲಾಗಬೇಡವೇ? ಬೇಗೂರಿನಿಂದ ಬಂದ ಅಜ್ಜನೊಬ್ಬನಿಗೆ ಮಾವ ಪುಟ್ಟ ಚಮಚದಂಥ ಸಲಕರಣೆಯಿಂದ ಹುಳುಕು ಕೆರೆದು, ಸಿಮೆಂಟ್ ತುಂಬಿ, "ಆಯ್ತು ಏಳಿ" ಎಂದರು. ಅಜ್ಜ ಏಳಲಿಲ್ಲ.

"ಮಿಷಿನ್ ಕೆಟ್ಟೋಗದಾ ಸಾ?"

"ಇಲ್ಲ, ಚೆನ್ನಾಗದೆ."

"ಕರೆಂಟ್ ಓಗದಾ?"

"ಫ್ಯಾನ್ ತಿರುಗ್ತಾ ಇಲ್ವಾ?"

"ಮತ್ತೆ ನಂಗ್ಯಾಕೆ ಕೊರೀನಿಲ್ಲ? ಒಂಚೂರೂ ನೋಯ್ನಿಲ್ಲ. ನನ್ ಮ್ಯಾಲೆ ಏನಾರ ಕ್ವಾಪವಾ ಸಾ?"

ವಾರದೊಳಗೆ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ. ಡಾಕ್ಟರಿಗೆ ವಯಸ್ಸಾಯಿತು, ಮಿಷಿನ್ ಹಿಡಿಯಲು ಆಗುವುದಿಲ್ಲ ಎಂದು! ಮಾವ ಸೋಲುವವರೇ? ಉಪಾಯ ಮಾಡಿದರು. ರೋಗಿ ಕುರ್ಚಿಯಲ್ಲಿ ಒರಗಿದ ಕೂಡಲೇ ಮಿಷಿನ್ ಹಾಕಿ, ಅವನ ಕಿವಿಯ ಹತ್ತಿರ ಗಾಳಿಯಲ್ಲೇ ಎರಡು ನಿಮಿಷ ಗುಂಯ್ ಎನ್ನಿಸುವುದು. ಆಮೇಲೆ ಆರಿಸಿ, ಸದ್ದಿಲ್ಲದೆ ಕೈಯಲ್ಲಿ ಕೆರೆಯುವುದು. ಅದೇ ಅಜ್ಜ ಇನ್ನೊಂದು ಹಲ್ಲಿಗೆ ಬಂದವನು ಕಣ್ಣು ಬಿಗಿಯಾಗಿ ಮುಚ್ಚಿ ಸದ್ದು ಪೂರ್ತಿ ಕೇಳಿಸಿಕೊಂಡು, "ಈಗ ಸರ್ಯಾಗಿ ಕೊರುದ್ರಿ ನೋಡಿ" ಎಂದು ಕೈಮುಗಿದು ಹೋದ.

ನಾನು ನಕ್ಕೆ, ಆದರೆ ನಂಬಲಿಲ್ಲ. ಅಷ್ಟು ವರ್ಷ ಕೊರೆದ ಕೈ ಸುಮ್ಮನಿರುತ್ತದೆಯೇ? ಈ ಬೇಸಗೆಯಲ್ಲಿ ಎಂಟು ವರ್ಷದ ನನ್ನ ಮಗಳ ಬಲ ದವಡೆಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ನನ್ನದಿದ್ದ ಜಾಗದಲ್ಲೇ. ಮತ್ತೆ ಹುಟ್ಟುವ ಹಲ್ಲಲ್ಲ ಅದು. ಮೈಸೂರಿನ ಬಸ್ಸು ಹತ್ತೋಣವೆಂದರೆ ಅಮ್ಮ ಬಿಡಲಿಲ್ಲ. "ಈ ಮಗೀನೂ ಬೇರೆ ಕಡೆ ಕರ್ಕೊಂಡೋದ್ರೆ ಅವನು ಅನ್ನ ನೀರು ಬುಟ್ಬುಡ್ತಾನೆ ಕಣಮ್ಮಿ" ಎಂದಳು. ಮಾವನ ಮನಸ್ಸು ಮುರಿಯಲೋ, ಮಗಳ ಹಲ್ಲನ್ನು ಪಣಕ್ಕಿಡಲೋ? ಕೊನೆಗೆ ಮಿಷಿನ್ ಹಲ್ಲಿಗೆ ತಗುಲಿದರೆ ಕೈ ಹಿಡಿದು ನಿಲ್ಲಿಸಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡು ಗುಂಡ್ಲುಪೇಟೆಗೆ ಹೋದೆ.

ಮಾವ ಮಿಷಿನ್ ಮುಟ್ಟಲೇ ಇಲ್ಲ. ಗಾಳಿಯಲ್ಲೂ ಹಾಕಲಿಲ್ಲ. ಎರಡು ಸಲ ಕನ್ನಡಕ ಒರೆಸಿಕೊಂಡು, ಉಸಿರು ಬಿಗಿಹಿಡಿದು, ಇಷ್ಟಿಷ್ಟೇ ಕೆರೆದರು. ಅಷ್ಟು ನಿಧಾನವಾಗಿ ಅವರು ಯಾವ ಕೆಲಸ ಮಾಡಿದ್ದನ್ನೂ ನಾನು ಕಂಡಿರಲಿಲ್ಲ. ಸಿಮೆಂಟ್ ತುಂಬಿ, ಬೆರಳಿನಿಂದ ಒತ್ತಿ ಹಿಡಿದುಕೊಂಡೇ ನನ್ನ ಕಡೆ ತಿರುಗದೆ ಹೇಳಿದರು.

"ನಿಂದೂ ಇಷ್ಟೇ ಇತ್ತು ಕಣಮ್ಮಿ. ನಾನೇ ದೊಡ್ಡದು ಮಾಡ್ಬುಟ್ಟೆ. ಈ ಮಗೀಗೆ ಹಲ್ಲು ಬರೋ ಹೊತ್ಗಾದ್ರೂ ಕಲ್ತಿರಬೇಕು ಅಂತ ಮೈಸೂರಿಗೆ ಓಗಿದ್ದೆ."

ಮದುವೆಮನೆಗಳಲ್ಲಿ ನಾನು ಆ ಕಥೆ ಹೇಳುವಾಗ ಅವರು ನಗುತ್ತಿದ್ದದ್ದು ನೆನಪಾಯಿತು. ಮಗಳು ಕುರ್ಚಿಯಿಂದ ಇಳಿದ ಮೇಲೆ ನಾನು ಹತ್ತಿ ಕೂತೆ. "ನಂದೂ ಒಂದ್ಸಲ ನೋಡಿ ಮಾವ" ಎಂದು ಬಾಯಿ ತೆರೆದೆ.

ಮಾವ ದೀಪ ಎಳೆದುಕೊಂಡು, ಕನ್ನಡಿ ಇಟ್ಟು ನೋಡಿದರು. "ಮೇಲಿನದು ಮೈಸೂರಲ್ಲಿ ಮಾಡ್ಸಿದ್ದಾ? ಚೆನ್ನಾಗಿ ಮಾಡವ್ರೆ ಬುಡು" ಎಂದರು. ಆಮೇಲೆ ಕನ್ನಡಿ ಬಲಗಡೆ ಖಾಲಿ ಜಾಗಕ್ಕೆ ಹೋಗಿ ಅಲ್ಲೇ ನಿಂತಿತು. ನನ್ನ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು.

ಪಕ್ಕದಲ್ಲಿ ನಿಂತಿದ್ದ ಮಗಳು ಕೇಳಿದಳು, "ಅಮ್ಮಂಗೆ ತುಂಬಾ ನೋಯ್ತಾ ಇದ್ಯಾ ತಾತ?"

"ಇಲ್ಲ ಕಣಮ್ಮಿ" ಎಂದರು ಮಾವ. "ನಾನಿನ್ನೂ ಏನೂ ಮಾಡ್ನಿಲ್ಲ."