ಬೇರೆಯವರ ಮದುವೆ ಹೂವಿಗೆ ಕಟ್ಟು ಹಾಕಿದ್ದು

ಒಬ್ಬನೇ ಇರುವ ಗಂಡಸಿಗೆ ಗೋಡೆಗಳ ಮೇಲೆ ವಿಪರೀತ ಗಮನ. ಸಂಸಾರಸ್ಥರು ಸಾಯಂಕಾಲ ಮನೆಗೆ ಬಂದರೆ ಹೆಂಡತಿಯ ಮುಖ ನೋಡುತ್ತಾರೆ, ಮಕ್ಕಳ ಮುಖ ನೋಡುತ್ತಾರೆ, ಎರಡೂ ಸಾಕೆನಿಸಿದಾಗ ಟಿ.ವಿ. ನೋಡುತ್ತಾರೆ. ನಾನು ಸೀದಾ ಗೋಡೆ ನೋಡುತ್ತೇನೆ. ಎಲ್ಲಿ ಸುಣ್ಣ ಎದ್ದಿದೆ, ಹಲ್ಲಿ ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿದೆ, ಎಲ್ಲವೂ ನನಗೆ ಬಾಯಿಪಾಠ. ಇದಕ್ಕೆ ನನ್ನ ಕಸುಬೂ ಒಂದು ಕಾರಣವಿರಬೇಕು. ಪಾಂಡವಪುರದಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಸ್ವಂತ ಮನೆ. ವಯಸ್ಸು ನಲವತ್ತಾರು. ಮದುವೆಯಾಗಿಲ್ಲ. ಈ ಕೊನೆಯ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಅದನ್ನು ತಡವಾಗಿ ಹೇಳಿ ಪಟ್ಟ ಪಾಡನ್ನೇ ಈಗ ನಿಮ್ಮ ಮುಂದೆ ತೋಡಿಕೊಳ್ಳುತ್ತಿದ್ದೇನೆ.

ಹೆಣ್ಣು ನೋಡಲು ಹೋಗಲಿಲ್ಲವೆಂದು ತಿಳಿಯಬೇಡಿ. ಸಂತೆಬಾಚಹಳ್ಳಿಯಿಂದ ಅರಕೆರೆಯವರೆಗೆ ನಾನು ಉಪ್ಪಿಟ್ಟು ತಿನ್ನದ ಊರು ಕಡಿಮೆ. ಒಂದು ಮನೆಯಲ್ಲಿ ಹುಡುಗಿಯೇ ಬಾಯಿಬಿಟ್ಟು ಕೇಳಿದಳು: “ನೀವು ಸತ್ತೋದೋರ್ ಫೋಟೋಗೆಲ್ಲಾ ಕಟ್ ಆಕ್ತೀರಂತಲ್ಲ, ಅದೇ ಕೈಲಿ ಉಣ್ತೀರಾ?” ತೊಳೆದುಕೊಂಡು ಉಣ್ಣುತ್ತೇನೆ ಎಂದೆ. ಪ್ರಾಮಾಣಿಕವಾದ ಉತ್ತರವೇ, ಸಂಬಂಧ ಮಾತ್ರ ಕುದುರಲಿಲ್ಲ. ಆಮೇಲಾಮೇಲೆ ನನಗೂ ಉಪ್ಪಿಟ್ಟು ಬೇಸರವಾಯಿತು.

ಹೀಗಿರುವಾಗ ಹೋದ ವೈಶಾಖದಲ್ಲಿ ಅರಕೆರೆಯ ಕಡೆಯ ಸಹನಾ ಎಂಬ ಹುಡುಗಿ ಅಂಗಡಿಗೆ ಬಂದಳು. ಹಿಂದಿನ ದಿನವಷ್ಟೇ ಶ್ರೀರಂಗಪಟ್ಟಣದ ಛತ್ರದಲ್ಲಿ ಅವಳ ಆರತಕ್ಷತೆಯಾಗಿತ್ತು. ಕೈಯ ಮೆಹಂದಿ ಇನ್ನೂ ಕೆಂಪಗಿತ್ತು. ಪ್ಲಾಸ್ಟಿಕ್ ಕವರಿನಿಂದ ಬೊಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ಅಣ್ಣಾ, ಇದ್ಕೆ ಕಟ್ ಆಕ್ಕೊಡಿ” ಎಂದಳು. ನಮ್ಮ ಕಡೆ ಮದುವೆಯ ಹಾರವನ್ನು ಯಾರೂ ತುಳಿಯಬಾರದೆಂದು ಹೊಳೆಗೋ ಮರದ ಬುಡಕ್ಕೋ ಹಾಕಿ ಕೈತೊಳೆದುಕೊಳ್ಳುತ್ತಾರೆ. ಬಾಡಿದ ಹೂವನ್ನು ಮನೆಯೊಳಗೆ ಯಾರೂ ಇಟ್ಟುಕೊಳ್ಳುವುದಿಲ್ಲ. “ಹೂವಿಗೆಲ್ಲಿ ಕಟ್ಟು ಹಾಕ್ತಾರಮ್ಮ?” ಎಂದೆ. ಮೊಬೈಲಿನಲ್ಲಿ ತೋರಿಸಿದಳು. ಯಾರೋ ಪುಣ್ಯಾತ್ಮರು ಹೂವನ್ನು ಒತ್ತಿ, ಒಣಗಿಸಿ, ಮತ್ತೆ ಗೊಂಚಲಿನಂತೆ ಜೋಡಿಸಿ ಗಾಜು ಹಾಕಿದ್ದರು. ಮೇಲೆ ಹೆಸರು, ಕೆಳಗೆ ಇಸವಿಯಿಲ್ಲದ ತಾರೀಕು. “ಗಂಡನ ಹೆಸರೂ ಬರೀಬೇಕಾ?” ಎಂದು ಕೇಳಿದ್ದಕ್ಕೆ, “ಬ್ಯಾಡ. ಬೊಕೆ ಇಡ್ಕಂಡಿದ್ದು ನಾನು” ಎಂದಳು.

ಒಪ್ಪಿಕೊಂಡೆನಲ್ಲ, ಅಲ್ಲಿಂದ ಶುರುವಾಯಿತು ಫಜೀತಿ. ಗುಲಾಬಿಯನ್ನು ಇಡಿಯಾಗಿ ಒತ್ತಿದರೆ ಸುಕ್ಕುಗಟ್ಟಿದ ಹಪ್ಪಳ. ಆದ್ದರಿಂದ ಒಂದೊಂದೇ ಎಸಳು ಬಿಡಿಸಿ, ಹಳೆಯ ಪತ್ರಿಕೆಗಳ ನಡುವೆ ಹರಡಿ, ಎರಡು ಹಲಗೆ ಬಿಗಿದು, ಮೇಲೆ ನಮ್ಮಮ್ಮನ ಕಾಲದ ರುಬ್ಬುಗುಂಡನ್ನು ಹೇರಬೇಕು. ದಿನವೂ ಕಾಗದ ಬದಲಾಯಿಸಬೇಕು. ನಾಲೆಯ ಥಂಡಿ ಹೊಡೆಯುವ ಊರಿದು. ಒಂದು ದಿನ ಮರೆತಿದ್ದಕ್ಕೆ ಆರು ಗುಲಾಬಿಗೆ ಬೂಷ್ಟು ಹಿಡಿಯಿತು. ಅವಕ್ಕೆ ಬದಲಿ ಗುಲಾಬಿಯನ್ನು ಪೇಟೆಯ ಹೂವಿನಂಗಡಿಯಿಂದ ತಂದು ಸೇರಿಸಿದೆ, ಆ ಹುಡುಗಿಗೆ ಇವತ್ತಿಗೂ ಗೊತ್ತಿಲ್ಲ. ಒಂದೂವರೆ ತಿಂಗಳು ಚಿಮಟ ಹಿಡಿದು, ಉಸಿರು ಬಿಟ್ಟರೆ ಎಸಳು ಹಾರೀತೆಂದು ಉಸಿರನ್ನೂ ಹಿಡಿದು ಕೂತೆ. ಹೆಂಗಸೊಬ್ಬಳ ಹೂವನ್ನು ಅಷ್ಟು ಹೊತ್ತು ಮುಟ್ಟಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು, ಅದೂ ಬೇರೆಯವನ ಹೆಂಡತಿಯದು. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ಕಟ್ಟು ಮುಗಿದ ಮೇಲೆ ಅಭ್ಯಾಸಬಲದಿಂದ ಗಾಜಿನ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟೆ. ನನ್ನ ಅಂಗಡಿಯಿಂದ ಹೊರಡುವುದು ದೇವರ ಪಟವಾದರೂ ಸರಿ, ದೇವರ ಪಾದ ಸೇರಿದವರ ಪಟವಾದರೂ ಸರಿ, ಬೊಟ್ಟಿಲ್ಲದೆ ಹೋಗುವುದಿಲ್ಲ. ಸಹನಾಗೆ ಫೋನು ಮಾಡಿದರೆ ಅವಳು ಕೆ.ಆರ್. ಪೇಟೆಯ ಗಂಡನ ಮನೆಯಿಂದ ಪಿಸುದನಿಯಲ್ಲಿ, “ಅಣ್ಣಾ, ಒಣ್ಗಿದ್ ಊವ ಒಸ್ಲು ದಾಟ್ಸಬ್ಯಾಡ ಅಂತಾವ್ರೆ ನಮ್ಮತ್ತೆ. ಒಸಿ ದಿನ ನಿಮ್ತಾವೇ ಇರ್ಲಿ, ಒಪ್ಪುಸ್ತೀನಿ” ಎಂದಳು. ಅಂಗಡಿಯಲ್ಲಿ ಧೂಳು, ಬಿಸಿಲು. ಮನೆಗೆ ತಂದು ನಡುಮನೆಯ ಗೋಡೆಗೆ ಹಾಕಿದೆ. ಗೋಡೆಗೊಂದು ಕಳೆ ಬಂತು. ಹಲ್ಲಿಯೂ ಜಾಗ ಬದಲಾಯಿಸಿತು.

ಆಗಲೇ ನಮ್ಮ ಬ್ರೋಕರ್ ಕೆಂಪಣ್ಣ ಹೊಸ ಸಂಬಂಧ ತಂದಿದ್ದು. ಬಿಂಡಿಗನವಿಲೆಯ ಹತ್ತಿರದ ಊರು, ಹೆಸರು ಭಾಗ್ಯ, ನಲವತ್ತೊಂದು ವಯಸ್ಸು, ಗಂಡ ತೀರಿಕೊಂಡಿದ್ದಾನೆ, ಊರಿನ ಡೇರಿಯಲ್ಲಿ ಹಾಲು ಅಳೆಯುವ ಕೆಲಸ. ಒಂದು ಭಾನುವಾರ ಭಾಗ್ಯ, ಅವಳ ಅಣ್ಣ, ಅತ್ತಿಗೆ ಮೂವರೂ ನಾಗಮಂಗಲದಲ್ಲಿ ಬಸ್ಸು ಬದಲಿಸಿಕೊಂಡು ಮನೆ ನೋಡಲು ಬಂದರು, ಜೊತೆಗೆ ಕೆಂಪಣ್ಣನೂ. ಈ ಸಲ ಉಪ್ಪಿಟ್ಟು ಮಾಡುವ ಸರದಿ ನನ್ನದು. ತಟ್ಟೆ ಹಿಡಿದು ಹೊರಗೆ ಬರುತ್ತೇನೆ, ಅಣ್ಣನವರು ಕಟ್ಟಿನ ಮುಂದೆ ಕೈ ಮುಗಿದು ನಿಂತಿದ್ದಾರೆ! ಅಬ್ಬಾ, ಕಸುಬಿಗೆ ಇಂಥ ಮರ್ಯಾದೆ ಕೊಡುವವರೂ ಇದ್ದಾರಲ್ಲ ಎಂದು ನನ್ನ ಎದೆ ಉಬ್ಬಿತು. “ಎಲ್ಲಾ ನನ್ ಕೈಲೇ ಮಾಡಿದ್ದು. ಒಂದೊಂದೇ ಎಸ್ಳು ಬಿಡ್ಸಿ ಒಣಗ್ಸಿದೀನಿ. ಒಂದೂವರೆ ತಿಂಗ್ಳು ಬೇರೆ ಕೆಲ್ಸ ಮುಟ್ಲಿಲ್ಲ” ಎಂದೆ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣನವರು ಹೆಸರು, ತಾರೀಕು ಓದಿ, “ಪಾಪ, ಸಣ್ ವಯ್ಸಾ?” ಎಂದರು. “ಇಪ್ಪತ್ತಾರು. ಭಾಳ ಒಳ್ಳೇ ಹುಡ್ಗಿ” ಎಂದೆ. ಇನ್ನೇನು ಅವಳ ಅತ್ತೆಯ ವಿಷಯ ತೆಗೆಯಬೇಕು, ಕೆಂಪಣ್ಣ ಜೋರಾಗಿ ಕೆಮ್ಮಿ, “ಲೇ ರಾಜ, ಕಾಪಿ ತತ್ತಾರ್ಲಾ” ಎಂದ. ಕಟ್ಟನ್ನೇ ನೋಡುತ್ತಿದ್ದ ಭಾಗ್ಯ, ಹೋಗುವಾಗ ಬಾಗಿಲಲ್ಲಿ ತಿರುಗಿ, “ಬತ್ತೀವಿ. ಹೊತ್ತೊತ್ಗೆ ಸರ್ಯಾಗ್ ಉಣ್ಣಿ” ಎಂದಳು. ನನಗೆ ಹಾಗೆ ಹೇಳಿ ಯಾರಾದರೂ ಹೋಗಿ ಎಷ್ಟು ಕಾಲವಾಗಿತ್ತೋ, ಖಾಲಿ ತಟ್ಟೆಗಳನ್ನು ತೊಳೆಯಲು ಮನಸ್ಸಾಗದೆ ಸಂಜೆಯವರೆಗೂ ಹಾಗೇ ಬಿಟ್ಟಿದ್ದೆ.

ಎರಡು ದಿನ ಬಿಟ್ಟು ಕೆಂಪಣ್ಣ ಅಂಗಡಿಗೆ ಬಂದ. “ಒಪ್ಕಬುಟ್ರು ಕಣ್ಲಾ! ಸತ್ತೋದ್ ಎಂಡ್ತಿ ಊವನ್ನೇ ಇಂಗ್ ಮಡಿಕಂಡವ್ನೆ, ಇನ್ನು ನಮ್ ಉಡ್ಗೀನ ಎಂಗ್ ನೋಡ್ಕತಾನೆ ಅಂತಾವ್ರೆ.” ಬೊಟ್ಟು, ಹೆಸರು, ತಾರೀಕು, ಕೈ ಮುಗಿದದ್ದು, ಕಣ್ಣೊರೆಸಿದ್ದು ಎಲ್ಲದರ ಅರ್ಥ ಒಟ್ಟಿಗೇ ಆಯಿತು. “ಈಗ್ಲೇ ನಿಜ ಹೇಳ್ಬುಡು ಕೆಂಪಣ್ಣ” ಎಂದೆ. ಅವನು ಕುರ್ಚಿ ಎಳೆದುಕೊಂಡು ಕೂತ. “ಯೋಳು, ನಂದೇನೋಗ್ಬೇಕು? ನಿನ್ ಮದ್ವೆ ಇಸ್ಯ ನಾನಂತೂ ಬಾಯ್ ಬುಟ್ಟಿಲ್ಲ. ಎಂಡ್ತಿ ಸತ್ತೋನು ಅಂದ್ರೆ ಅಯ್ಯೋ ಪಾಪ ಅಂತಾರೆ. ನಲ್ವತ್ತಾರ್ ವರ್ಸ ಯಾರೂ ಎಣ್ ಕೊಟ್ಟಿಲ್ಲ ಅಂದ್ರೆ, ಇವ್ನಲ್ಲಿ ಯಾನೋ ಐಬೈತೆ ಅಂತಾರೆ. ಯಾವುದ್ ಬೇಕು ನೋಡ್ಕೋ.”

ಮೂರು ದಿನ ನೋಡಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮೂರು ದಿನ ಸುಖವಾಗಿದ್ದೆ. ಇಲ್ಲದ ಹೆಂಡತಿಗೆ ಗುಣಗಳನ್ನು ಜೋಡಿಸತೊಡಗಿದೆ. ಸೊಪ್ಪಿನ ಸಾರು ಚೆನ್ನಾಗಿ ಮಾಡುತ್ತಿದ್ದಳು. ದೀಪ ಆರಿಸದೆ ಹೊರಟರೆ ಬೈಯುತ್ತಿದ್ದಳು. ಮೂರನೆಯ ದಿನ ಮನೆಯಿಂದ ಹೊರಡುವಾಗ ನಿಜವಾಗಿಯೂ ಹಿಂತಿರುಗಿ ಹೋಗಿ ದೀಪ ಆರಿಸಿ ಬಂದೆ. ಆಗ ಭಯವಾಯಿತು. ಈ ಸುಳ್ಳಿನ ಮೇಲೆ ಭಾಗ್ಯಳನ್ನು ಕರೆತಂದರೆ, ಮನೆಯಲ್ಲಿ ಮೂವರಾಗುತ್ತೇವೆ ಎನಿಸಿತು. ಡೇರಿಗೆ ಬಿಡುವಿರುವ ಮಧ್ಯಾಹ್ನದ ಹೊತ್ತು ನೋಡಿ ಅವಳಿಗೆ ಫೋನು ಮಾಡಿದೆ.

“ಆ ಹೂವು ನನ್ ಹೆಂಡ್ತೀದಲ್ಲ. ನಂಗೆ ಮದ್ವೇನೇ ಆಗಿಲ್ಲ. ಅದು ಗಿರಾಕೀದು” ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಹಾಲಿನ ಕ್ಯಾನು ಸರಿಸಿದ ಸದ್ದು ಕೇಳಿಸಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನಿಧಾನವಾಗಿ ಹೇಳಿದಳು: “ನಮ್ಮನೆಯವ್ರು ಓಗಿ ಆರ್ ವರ್ಸ ಆಯ್ತು. ಇಲ್ಲಿ ಅವ್ರ್ ಎಸ್ರು ಎತ್ತುದ್ರೆ ಅತ್ಗೆ ಟಿ.ವಿ. ಸೌಂಡ್ ಜಾಸ್ತಿ ಮಾಡ್ತಾಳೆ. ನಿಮ್ ಗೋಡೆ ನೋಡ್ದಾಗ, ಈ ಮನೇಲಾದ್ರೆ ಅವ್ರ್ ಸುದ್ದಿ ನಾನು, ಅವ್ಳ್ ಸುದ್ದಿ ನೀವು ಮಾತಾಡ್ಕಂಡು ಕೂತ್ಕಬೌದು, ಇಬ್ರೂ ಬೇಜಾರ್ ಮಾಡ್ಕಳಲ್ಲ ಅನ್ಕಂಡೆ. ಅದ್ಕೇ ಊಂ ಅಂದಿದ್ದೆ. ನಿಮ್ಗೆ ಅದೆಲ್ಲಾ ಯಾನ್ ಗೊತ್ತಾಗ್ತದೆ, ಬುಡಿ.”

ನಾನು ಹೇಳಬೇಕಾಗಿದ್ದುದು ಇಷ್ಟೇ: ‘ನೀವು ಮಾತಾಡಿ, ನಾನು ಕೇಳ್ತೀನಿ. ಹೇಳೋಕೆ ನನ್ ಹತ್ರ ಯಾರ ಸುದ್ದೀನೂ ಇಲ್ಲ, ಕೇಳೋಕೆ ಬೇಕಾದಷ್ಟು ಹೊತ್ತಿದೆ.’ ಎಂಥ ಒಳ್ಳೆಯ ಮಾತು! ಆದರೆ ಅದು ಹೊಳೆದದ್ದು ಹತ್ತು ನಿಮಿಷದ ಮೇಲೆ, ಯಾರದೋ ದೇವರ ಪಟಕ್ಕೆ ಗಾಜು ಕೊಯ್ಯುವಾಗ. ಫೋನಿನಲ್ಲಿ ನಾನು ಅಂದದ್ದು, “ಹೌದು, ಗೊತ್ತಾಗಲ್ಲ.” ಅವಳು “ಇಡ್ತೀನಿ” ಎಂದು ಇಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ.

ಮೊನ್ನೆ ಕೆಂಪಣ್ಣ ಮತ್ತೆ ಬಂದಿದ್ದ. “ಓಗ್ಲಿ ಬುಡ್ಲಾ. ಕೆ.ಆರ್. ಪೇಟೆ ಕಡೆ ಇನ್ನೊಂದೈತೆ. ಈ ಸಲ ಮೊದ್ಲೇ ತೀರ್ಮಾನ ಮಾಡ್ಕಳನ. ಮದ್ವೆ ಆಗಿಲ್ಲ ಅಂತ ಯೋಳ್ಲೋ, ಎಂಡ್ತಿ ಸತ್ತೋನು ಅಂತ ಯೋಳ್ಲೋ?” ಎಂದು ಕೇಳಿದ. ನಾನು ಕೊಯ್ಯುತ್ತಿದ್ದ ಗಾಜನ್ನು ಕೆಳಗಿಟ್ಟು ಹೇಳಿದೆ: “ಹೆಂಡ್ತಿ ಕಳ್ಕಂಡೋನು ಅಂತ್ಲೇ ಹೇಳು ಕೆಂಪಣ್ಣ. ಅವ್ಳು ಫೋನ್ ಇಟ್ಟಾಗ್ನಿಂದ ನಂಗೆ ಅದೇನೂ ಸುಳ್ಳು ಅನ್ನುಸ್ತಿಲ್ಲ.”